ಕೋಳಿಯ ಜತೆ ಬಾರದ ಲೆಕ್ಕ

ಕೋಳಿಮಾಂಸದಲ್ಲಿ ಔಷಧ ಉಳಿದಿದೆಯೇ ಎಂದು ನೋಡುವ ಕೆಲಸಕ್ಕೆ ನಾನು ಸೇರಿದಾಗ ನಮ್ಮ ಲ್ಯಾಬಿನ ಆಧಾರವೆಂದರೆ ಅಗರ್ ತಟ್ಟೆ. ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯಾ ಬೆರೆಸಿದ ಅಗರನ್ನು ತಟ್ಟೆಗೆ ಸುರಿಯುತ್ತಿದ್ದೆವು. ಹೆಪ್ಪುಗಟ್ಟಿಸಿದ ಮಾಂಸದಿಂದ 8 ಮಿಲಿಮೀಟರ್ ಅಗಲ, 2 ಮಿಲಿಮೀಟರ್ ದಪ್ಪದ ಬಿಲ್ಲೆ ಕೊರೆದು ಅದರ ಮೇಲಿಟ್ಟು, ರಾತ್ರಿಯಿಡೀ ಇನ್‌ಕ್ಯುಬೇಟರಿನಲ್ಲಿ ಬಿಡುತ್ತಿದ್ದೆವು. ಬೆಳಿಗ್ಗೆ ಬೆಳಕಿಗೆ ಹಿಡಿದರೆ ಬ್ಯಾಕ್ಟೀರಿಯಾ ಬೆಳೆದ ಜಾಗವೆಲ್ಲ ಮಬ್ಬು. ಮಾಂಸದಲ್ಲಿ ಆಂಟಿಬಯಾಟಿಕ್ ಇದ್ದರೆ ಬಿಲ್ಲೆಯ ಸುತ್ತ ತಿಳಿಯಾದ ಉಂಗುರ. ಅದರ ಅಗಲ ಅಳೆದು ಬರೆದುಕೊಳ್ಳುತ್ತಿದ್ದೆವು. ಯಾವ ಔಷಧ, ಎಷ್ಟು ಎಂದು ತಟ್ಟೆ ಹೇಳುತ್ತಿರಲಿಲ್ಲ. ಎನ್ರೋಫ್ಲಾಕ್ಸಾಸಿನ್ ಎಂಬ ಆಂಟಿಬಯಾಟಿಕ್ ಅಲ್ಪಸ್ವಲ್ಪ ಇದ್ದರೆ ಉಂಗುರವೇ ಮೂಡುತ್ತಿರಲಿಲ್ಲ.

ಈಗ ಮಾಂಸವನ್ನು ನುಣ್ಣಗೆ ಅರೆದು, ಅಸಿಟೋನೈಟ್ರೈಲ್ ಹಾಕಿ ಕುಲುಕಿ, ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿಯನ್ನು ಎಲ್‌ಸಿ-ಎಂಎಸ್/ಎಂಎಸ್ ಯಂತ್ರಕ್ಕೆ ಕೊಡುತ್ತೇವೆ. ಹತ್ತಾರು ಔಷಧಗಳನ್ನು ಅದು ಒಂದೊಂದಾಗಿ ಹೆಸರಿಸಿ ಪ್ರಮಾಣ ಕೊಡುತ್ತದೆ. ಕಿಲೋಗೆ 1 ಮೈಕ್ರೋಗ್ರಾಂ, ಅಂದರೆ 1,000 ಟನ್ ಮಾಂಸದಲ್ಲಿ 1 ಗ್ರಾಂ ಇದ್ದರೂ ಸಿಗುತ್ತದೆ.

ತಿಳಿವಳಿಕೆಯೂ ಬೆಳೆದಿದೆ. ಫ್ಯುರಾಜೋಲಿಡೋನ್ ಎಂಬ ಔಷಧ ಕೋಳಿಯ ಮೈಯಲ್ಲಿ ಕೆಲವೇ ಗಂಟೆಗಳಲ್ಲಿ ಒಡೆದುಹೋಗುತ್ತದೆ. ಅದನ್ನೇ ಹುಡುಕಿದರೆ ಏನೂ ಸಿಗದು. ಅದರ ಒಂದು ತುಣುಕು, ಎಒಝಡ್, ಮಾಂಸದ ಪ್ರೋಟೀನಿಗೆ ಅಂಟಿಕೊಂಡು ವಾರಗಟ್ಟಲೆ ಉಳಿಯುತ್ತದೆ. ಆಮ್ಲ ಹಾಕಿ ರಾತ್ರಿಯಿಡೀ 37 ಡಿಗ್ರಿಯಲ್ಲಿಟ್ಟು ಅದನ್ನು ಬಿಡಿಸಿ ಅಳೆಯಬೇಕು. ಇಂಥ ತುಣುಕುಗಳನ್ನು ಕಿಲೋಗೆ 1 ಮೈಕ್ರೋಗ್ರಾಂ ಮಟ್ಟದಲ್ಲೂ ಹಿಡಿಯಬಲ್ಲ ವಿಧಾನವೇ ಬೇಕೆಂದು ಯುರೋಪಿಯನ್ ಒಕ್ಕೂಟ 2003ರಲ್ಲಿ ಗೊತ್ತುಮಾಡಿತು.

ಆದರೆ ಯಂತ್ರ ನೋಡುವುದು ನಾವು ಪಟ್ಟಿ ಮಾಡಿಕೊಟ್ಟ ಔಷಧಗಳನ್ನು ಮಾತ್ರ. ಹಳೆಯ ತಟ್ಟೆಗೆ ಪಟ್ಟಿ ಬೇಕಿರಲಿಲ್ಲ. ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುವ ಯಾವ ಔಷಧಕ್ಕಾದರೂ, ಅದು ಸಾಕಷ್ಟಿದ್ದರೆ, ಉಂಗುರ ಮೂಡುತ್ತಿತ್ತು. ಕಾಲಿಸ್ಟಿನ್ ಎಂಬ ಆಂಟಿಬಯಾಟಿಕ್‌ನ ಉದಾಹರಣೆ ನೋಡಿ. ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಅದನ್ನು ಕೊಡಬಾರದೆಂದು ಭಾರತ ಸರ್ಕಾರ 2019ರ ಜುಲೈನಲ್ಲಿ ನಿಷೇಧಿಸಿತು. ಅದು ಬರೀ ಅಸಿಟೋನೈಟ್ರೈಲ್‌ಗೆ ಸರಿಯಾಗಿ ಇಳಿಯುವುದಿಲ್ಲ, ಆಮ್ಲ ಸೇರಿಸಿ ಬೇರೆಯಾಗಿಯೇ ತೆಗೆಯಬೇಕು. ಹುಡುಕಬೇಕೆಂದು ಮೊದಲೇ ಗೊತ್ತಿಲ್ಲದಿದ್ದರೆ ರಿಪೋರ್ಟಿನಲ್ಲಿ ಅದರ ಸುದ್ದಿಯೇ ಇರುವುದಿಲ್ಲ.

ಸ್ಯಾಂಪಲ್ ಜತೆ ಬರುವ ಚೀಟಿಯಲ್ಲಿ ಆಗಲೂ ಈಗಲೂ ತಾರೀಕು, ಜಾಗ, ತೂಕ ಇರುತ್ತವೆ. ಆ ಕೋಳಿಯ ನೀರಿಗೆ ಯಾವ ಔಷಧ ಬೆರೆಸಿದರು, ಯಾವತ್ತು ನಿಲ್ಲಿಸಿದರು ಎಂಬುದು ಇರುವುದಿಲ್ಲ. ಬ್ರಾಯ್ಲರ್ ಕೋಳಿ ಆರು ವಾರದೊಳಗೇ ಮಾರಾಟಕ್ಕೆ ಬರುತ್ತದೆ. ಕೊನೆಯ ವಾರ ಕಾಯಿಲೆ ಬಿದ್ದರೆ ಔಷಧ ಕೊಡಲೇಬೇಕು. ಕೊಟ್ಟ ಮೇಲೆ ಅದು ಮೈಯಿಂದ ಇಳಿಯುವವರೆಗೆ ಕಾಯಲೂಬೇಕು. ಕಾದಷ್ಟು ದಿನದ ಫೀಡ್ ಖರ್ಚು ಯಾರದ್ದು ಎಂಬಲ್ಲಿಗೆ ಮಾತು ನಿಲ್ಲುತ್ತದೆ, ಲಾರಿ ಹೊರಡುತ್ತದೆ. ಆ ಖರ್ಚನ್ನು ಕೋಳಿ ಕೊಳ್ಳುವ ಕಂಪನಿ ಹಂಚಿಕೊಳ್ಳಲಿ. ಶೆಡ್ಡಿನ ಔಷಧದ ಲೆಕ್ಕ ಲಾರಿಯ ಜತೆಗೇ ಬರಲಿ, ಲೆಕ್ಕವಿಲ್ಲದ ಲೋಡನ್ನು ಯಾರೂ ಇಳಿಸಿಕೊಳ್ಳದಿರಲಿ. ಆ ಲೆಕ್ಕ ನಿಜವೋ ಸುಳ್ಳೋ ಎಂದು ನೋಡಿ ಹೇಳುವುದು ಈಗಿನ ಲ್ಯಾಬಿಗೆ ಕಷ್ಟದ ಕೆಲಸವಲ್ಲ.