ಮಾವನ ಮೂಗು, ಕಂದು ಚುಕ್ಕೆಗಳು

ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಮೂಗು ಕಟ್ಟೋದನ್ನ ಯಾರೂ ಕಾಯಿಲೆ ಅಂತ ಎಣಿಸೋದೇ ಇಲ್ಲ. ಧೂಳು ಅಂತಾರೆ, ಕಡಲೆಕಾಯಿ ಹೊಟ್ಟು ಅಂತಾರೆ, ಒಂದಿಷ್ಟು ಹಬೆ ತಗೊಂಡು ಸುಮ್ಮನಾಗ್ತಾರೆ. ಪಾವಗಡದ ಹತ್ತಿರ ಇರೋ ನಮ್ಮ ಸೋದರಮಾವನೂ ಎರಡು ವರ್ಷ ಹಾಗೇ ಕಳೆದರು. ಕಟ್ಟಿದ್ದು ಎಡ ಹೊಳ್ಳೆ ಮಾತ್ರ. ರಕ್ತ ಕಾಣಿಸಿಕೊಂಡಾಗ ಅತ್ತೆ ಹಠ ಮಾಡಿ ಬೆಂಗಳೂರಿಗೆ ಕರಕೊಂಡು ಬಂದರು.

ದುರ್ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ವರದಿಯಲ್ಲಿದ್ದ ಹೆಸರು 'ಇನ್ವರ್ಟೆಡ್ ಪ್ಯಾಪಿಲೋಮಾ'. ಕ್ಯಾನ್ಸರ್ ಅಲ್ಲ. ಹಾಗಂತ ಮಾಮೂಲಿ ದುರ್ಮಾಂಸವೂ ಅಲ್ಲ. ಮೂಗಿನ ಒಳಪದರ ಒಳಮುಖವಾಗಿ ಮಡಚಿಕೊಂಡು ಬೆಳೆಯುತ್ತೆ. ಬುಡ ಉಳಿದರೆ ಮತ್ತೆ ಚಿಗುರುತ್ತೆ. ಸುಮಾರು 100ಕ್ಕೆ 5ರಿಂದ 10 ಜನರಲ್ಲಿ ಕ್ಯಾನ್ಸರ್ ಅದರ ಜೊತೆಗೇ ಇರುತ್ತೆ, ಇಲ್ಲಾ ಮುಂದೆ ಬರುತ್ತೆ.

"ನಾನು ಆ ಹತ್ತರಲ್ಲೋ, ಉಳಿದ ತೊಂಬತ್ತರಲ್ಲೋ?" ಮಾವ ಕೇಳಿದ್ದು ಇಷ್ಟೇ.

ಅದನ್ನ ಮೊದಲೇ ಹೇಳಬಲ್ಲ ಪ್ರೋಟೀನುಗಳನ್ನ ವಿಜ್ಞಾನಿಗಳು ದಶಕಗಳಿಂದ ಹುಡುಕ್ತಾ ಇದ್ದಾರೆ. ತೆಗೆದ ಮಾಂಸದ ತೆಳ್ಳನೆ ಪದರಕ್ಕೆ ಪ್ರತಿಕಾಯ ಮತ್ತು ಬಣ್ಣ ಹಾಕಿದರೆ ಆ ಪ್ರೋಟೀನ್ ಇರೋ ಕಡೆ ಕಂದು ಚುಕ್ಕೆ ಮೂಡುತ್ತೆ. ಕೆಐ-67 ಕಂಡರೆ ಜೀವಕೋಶ ಒಡೆದು ಎರಡಾಗೋ ಕೆಲಸದಲ್ಲಿದೆ ಅಂತ ಅರ್ಥ. 1983ರಲ್ಲಿ ಹೊರಬಂದ ಈ ಹೆಸರಲ್ಲಿ ಜರ್ಮನಿಯ ಕೀಲ್ ಊರು ಅಡಗಿದೆ! 1979ರಲ್ಲಿ ಪತ್ತೆಯಾದ ಪಿ53 ಜೀವಕೋಶದ ಕಾವಲುಗಾರ. ಅದರ ಜೀನ್ ಕೆಟ್ಟರೆ ಎಷ್ಟೋ ಸಲ ಕೆಲಸಕ್ಕೆ ಬಾರದ ಪಿ53 ಕೋಶಕೇಂದ್ರದಲ್ಲಿ ರಾಶಿ ಬೀಳುತ್ತೆ. ಗಡ್ಡೆ ಕ್ಯಾನ್ಸರ್ ಕಡೆ ವಾಲಿದಾಗ ಇಂಥ ಚುಕ್ಕೆಗಳು ಹೆಚ್ಚಾಗೋದನ್ನ ಹಲವು ಅಧ್ಯಯನಗಳು ಕಂಡಿವೆ. 2015ರಲ್ಲಿ ಈ ಗಡ್ಡೆಗಳಲ್ಲಿ ಬಹುಪಾಲಿನಲ್ಲೂ ಇಜಿಎಫ್‌ಆರ್ ಅನ್ನೋ ಜೀನ್ ಬದಲಾಗಿರೋದು ಗೊತ್ತಾಯ್ತು. ಆದ್ರೆ ಬಹುಪಾಲಿನಲ್ಲೂ ಇರೋ ಗುರುತಿನಿಂದ ಕೆಡೋದು ಯಾವುದು, ಕೆಡದೇ ಇರೋದು ಯಾವುದು ಅಂತ ಆರಿಸೋದು ಹೇಗೆ?

ಹಾಗಾಗಿ ಯಾವ ಒಂದು ಚುಕ್ಕೆಯೂ ಮಾವನಿಗೆ ಖಚಿತ ಉತ್ತರ ಕೊಡಲ್ಲ. ಇರೋ ದಾರಿ ಒಂದೇ: ಮೂಗಿಗೆ ದುರ್ಬೀನು ಹಾಕಿಸಿ ವರ್ಷಗಟ್ಟಲೆ ನೋಡಿಸ್ತಾ ಇರೋದು. ಎಷ್ಟೋ ವರ್ಷದ ಮೇಲೂ ಇದು ಮರಳಿ ಬರಬಹುದು.

ಕಷ್ಟ ಇರೋದು ಇಲ್ಲೇ ನೋಡಿ. ನೋವಿಲ್ಲ, ಉಸಿರು ಸರಾಗ. ಪಾವಗಡದಿಂದ ಮಧುಗಿರಿ, ಕೊರಟಗೆರೆ ದಾಟಿ ಬೆಂಗಳೂರಿಗೆ ಬಂದು ಹೋಗೋಕೆ ಒಂದು ದಿನ ಪೂರ್ತಿ ಬೇಕು. "ಕಡಲೆಕಾಯಿ ಕೀಳೋ ಹೊತ್ತು ಕಣಪ್ಪ, ಮುಂದಿನ ಸಲ ನೋಡೋಣ" ಅಂದ್ರು ಮಾವ ಫೋನಿನಲ್ಲಿ.

ನಿಮ್ಮ ಮನೇಲೂ ಯಾರಿಗಾದ್ರೂ ಒಂದೇ ಹೊಳ್ಳೆ ತಿಂಗಳುಗಟ್ಟಲೆ ಕಟ್ಟಿದ್ರೆ, ರಕ್ತ ಬಂದ್ರೆ, ಹಬೆ ಸಾಕು ಅಂತ ಕೂರಬೇಡಿ, ಕಿವಿ-ಮೂಗು-ಗಂಟಲು ಡಾಕ್ಟರಿಗೆ ತೋರಿಸಿ.

ನಾನಂತೂ ಎರಡು ದಿನ ರಜೆ ಹಾಕಿದ್ದೀನಿ. ಒಂದು ದಿನ ಕಾಯಿ ಕೀಳೋಕೆ, ಇನ್ನೊಂದು ದಿನ ಮಾವನ ಜೊತೆ ಬಸ್ಸು ಹತ್ತೋಕೆ.