ಸುಂಟಿ ಎಂದು ಬರೆದವರ ಬಾಯಿ ಮುಚ್ಚಿಸಬೇಡಿ

ಆನವಟ್ಟಿಯಿಂದ ಹಾನಗಲ್ಲಿಗೆ ಹೊರಟವರು 1956ರ ಅಕ್ಟೋಬರ್ ಕೊನೆಯವರೆಗೂ ಮೈಸೂರು ರಾಜ್ಯ ಬಿಟ್ಟು ಮುಂಬಯಿ ರಾಜ್ಯಕ್ಕೆ ಕಾಲಿಡುತ್ತಿದ್ದರು. ಶಿಕಾರಿಪುರದಿಂದ ಹಿರೇಕೆರೂರಿಗೆ ಹೋದವರದೂ ಅದೇ ಕಥೆ. ನವೆಂಬರ್ 1ಕ್ಕೆ ಅಲ್ಲಿನ ಗಡಿ ಅಳಿಸಿತು. ಅದೇ ದಿನ ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡಿಗೆ ಹೊಸ ಗಡಿ ಬಂತು. ತಂಗಿಯನ್ನು ಸೊರಬಕ್ಕೆ ಕೊಟ್ಟದ್ದರಿಂದ ಎರಡೂ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ನಾನಿದ್ದೇನೆ. ಎರಡೂ ಕಡೆ ಒಂದೇ ಜಗಳ: ಕಾಗುಣಿತ.

ತಂಗಿಯ ಊರಿನ ಕಡೆಯ ಬೆಳೆಗಾರರ ಗುಂಪಿನಲ್ಲಿ ಲಂಬಾಣಿ ಮನೆಮಾತಿನವರಿದ್ದಾರೆ, ಶಿರಾಳಕೊಪ್ಪದ ಉರ್ದು ಮನೆಗಳವರಿದ್ದಾರೆ, ಹವಿಗನ್ನಡದವರಿದ್ದಾರೆ. ಅನೇಕರಿಗೆ ಪುಸ್ತಕದ ಕನ್ನಡ ಶಾಲೆಯಲ್ಲಿ ಕಲಿತ ಎರಡನೆಯ ಭಾಷೆಯೇ. ಕಳೆದ ಮಳೆಗಾಲದಲ್ಲಿ ಒಬ್ಬರು, "ಸುಂಟಿಗೆ ಕೊಳೆ ಬಂದದೆ, ಏನ್ ಹೊಡಿಬೇಕು" ಎಂದು ಕೇಳಿದರು. ಮೊದಲು ಬಂದ ಉತ್ತರ ಔಷಧಿಯದಲ್ಲ: "ಶುಂಠಿ ಎಂದು ಸರಿಯಾಗಿ ಬರೆಯಲು ಕಲಿಯಿರಿ." ಆಮೇಲೆ ಆ ಮನುಷ್ಯ ಅಲ್ಲಿ ಒಂದಕ್ಷರ ಬರೆದದ್ದನ್ನು ನಾನು ಕಂಡಿಲ್ಲ. ನನಗಿದು ಸಣ್ಣ ವಿಷಯವಲ್ಲ. ಹೊಲದಲ್ಲಿ ಬೆಳೆ ಕೊಳೆಯುತ್ತಿರುವವನಿಗೆ ನಾವು ಹೇಳಿದ್ದು, ನಿನ್ನ ಬಾಯಿಯ ಮಾತಿಗೆ ಇಲ್ಲಿ ಜಾಗವಿಲ್ಲ ಎಂದು.

ಮಹಾಪ್ರಾಣಗಳು ಹೆಚ್ಚಿನ ಕನ್ನಡಿಗರ ಉಚ್ಚಾರಣೆಯಲ್ಲೇ ಇಲ್ಲ, ಬರಹದಲ್ಲೂ ಬೇಡ ಎಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ವಾದಿಸಿದರು, ತಮ್ಮ ನಂತರದ ಪುಸ್ತಕಗಳನ್ನೂ ಹಾಗೆಯೇ ಬರೆದರು. ನಾನು ಅಷ್ಟು ದೂರ ಹೋಗಲಾರೆ. ಹಳೆಯ ಪುಸ್ತಕಗಳ ದಾರಿ ಮಕ್ಕಳಿಗೆ ತೆರೆದಿರಬೇಕು. ಆದರೆ ಭಟ್ಟರು ತೋರಿಸಿದ ಮಾತು ಸುಳ್ಳಲ್ಲ. ಸುಂಟಿ ಎಂದು ಬರೆದವರು ಕಿವಿಗೆ ಕೇಳಿದ್ದನ್ನೇ ಬರೆದರು.

ತಂಗಿಯ ಊರಿನ ಕಡೆಯ ನೆಲದಲ್ಲಿ ಹೀಗೆ ಕೇಳಿದಂತೆ ಬರೆಯುವುದು ಹೊಸದೂ ಅಲ್ಲ. ಶಿಕಾರಿಪುರ ತಾಲೂಕೊಂದರಲ್ಲೇ ಮಳವಳ್ಳಿಯ ಕಂಬ ಪ್ರಾಕೃತದಲ್ಲಿದೆ, ತಾಳಗುಂದದ ಕಂಬ ಸಂಸ್ಕೃತದಲ್ಲಿದೆ, ಬಳ್ಳಿಗಾವೆಯ ಕಲ್ಲುಗಳು ಕನ್ನಡ ಆಡುತ್ತವೆ. ತಾಳಗುಂದದಲ್ಲಿ ಕದಂಬ ರಾಜ ಶಾಂತಿವರ್ಮನ ಅಪ್ಪಣೆಯಂತೆ ಕುಬ್ಜ ಕವಿ ತನ್ನ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದ. ಎಲ್ಲರಿಗೂ ಆ ಭಾಗ್ಯವಿರಲಿಲ್ಲ. ಬರೆದವನೊಬ್ಬ, ಕೊರೆದವನೊಬ್ಬ ಆದಾಗ ಶಕಾರದ ಜಾಗದಲ್ಲಿ ಸಕಾರ ಬಂತು, ೞಕಾರದ ಜಾಗದಲ್ಲಿ ಳಕಾರ ಕೂತಿತು. ಬಿ.ಎಲ್. ರೈಸ್ ಶಿಕಾರಿಪುರದ ಶಾಸನಗಳನ್ನು 1902ರಲ್ಲಿ, ಸೊರಬದವನ್ನು 1904ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಎರಡು ಸಂಪುಟಗಳಾಗಿ ತಂದರು. ಶಾಸನಗಳಲ್ಲಿನ ಇಂಥ ತಪ್ಪುಗಳೇ ಆ ಕಾಲದ ಜನ ಹೇಗೆ ಉಚ್ಚರಿಸುತ್ತಿದ್ದರು ಎಂಬುದಕ್ಕೆ ವಿದ್ವಾಂಸರಿಗೆ ಸಾಕ್ಷಿ. 13ನೆಯ ಶತಮಾನದಲ್ಲಿ ವ್ಯಾಕರಣಕಾರ ಕೇಶಿರಾಜ ಯಾವ ಪದದಲ್ಲಿ ೞಕಾರ ಎಂದು ಪಟ್ಟಿ ಮಾಡಬೇಕಾಗಿ ಬಂದದ್ದು ಬಾಯಿಂದ ಅದು ಆಗಲೇ ಜಾರುತ್ತಿದ್ದುದರಿಂದ.

ಕನ್ನಡ ಕಳಕೊಂಡ ಆ ಅಕ್ಷರ ನನ್ನ ನೆರೆಯ ಮಲಯಾಳಿಗಳ ಬಾಯಲ್ಲಿ ಇವತ್ತಿಗೂ ಇದೆ. ನಮ್ಮ ಹುಡುಗರು ಫೋನಿನಲ್ಲಿ ಕೋಝಿಕ್ಕೋಡ್ ಎಂದು ಬರೆಯುತ್ತಾರೆ, ಇಂಗ್ಲಿಷ್ ಬೋರ್ಡಿನಲ್ಲಿ ಆ ಅಕ್ಷರಕ್ಕೆ ಬರೆದ zh ನೋಡಿಕೊಂಡು. ದಿನಾ ಕೇಳುವ ಊರಿನ ಹೆಸರು ಹೀಗಾದಾಗ ನನಗೆ ಬೇಸರವಾಗುತ್ತದೆ, ತಿದ್ದುತ್ತೇನೆ ಕೂಡ. ಆದರೆ ಪಕ್ಕಕ್ಕೆ ಕರೆದು.

ಹಾಗಾದರೆ ತಪ್ಪಿಗೆ ಬೆಲೆಯೇ ಇಲ್ಲವೇ? ಇದೆ. ಅಡಿಕೆ ಕೊಳೆರೋಗಕ್ಕೆ ಶೇ. 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಇದನ್ನು ಗುಂಪಿಗೆ ಕಳಿಸುವವರು 'ಹೊಡೆಯಬೇಕು', 'ಹೊಡೆಯಬೇಡಿ' ಅದಲುಬದಲು ಮಾಡಿದರೆ ಬೇರೊಬ್ಬರ ತೋಟ ಹೋಗುತ್ತದೆ. ಅಲ್ಲಿ ಎರಡು ಸಲ ಓದಿ ಕಳಿಸಲೇಬೇಕು. ಸರ್ಕಾರಿ ಫಲಕಕ್ಕೂ ಹಾಗೆಯೇ. ಸಂಬಳ ಪಡೆದು ಬರೆಯುವ ಕಚೇರಿ ಕನ್ನಡ ಬಲ್ಲ ಒಬ್ಬರಿಗೆ ತೋರಿಸದೆ ಊರಿನ ಹೆಸರನ್ನು ತಪ್ಪಾಗಿ ನೆಟ್ಟರೆ, ಅದನ್ನು ಕ್ಷಮಿಸಲು ನಾನು ಸಿದ್ಧನಿಲ್ಲ. ಆ ಫಲಕದ ಮೇಲೆ ಎತ್ತದ ದನಿಯನ್ನು ನಾವು ಶುಂಠಿ ಬೆಳೆದವನ ಮೇಲೆ ಎತ್ತುತ್ತೇವೆ.

ಕೇರಳದ 1969ರ ಆಡಳಿತ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿಗೆ ಸರ್ಕಾರದೊಂದಿಗೆ ಕನ್ನಡದಲ್ಲೇ ಪತ್ರ ವ್ಯವಹಾರ ನಡೆಸುವ ಹಕ್ಕು ಕೊಟ್ಟಿದೆ. ಆದರೂ ನಮ್ಮ ಕಡೆ ಕನ್ನಡ ಬಲ್ಲವರೇ ಮಲಯಾಳದಲ್ಲಿ ಅರ್ಜಿ ಬರೆಸುತ್ತಾರೆ. ಕಾರಣ ಕೇಳಿದರೆ, ನನ್ನ ಕನ್ನಡದಲ್ಲಿ ತಪ್ಪಿರುತ್ತದೆ, ಯಾರಾದರೂ ನಕ್ಕಾರು ಎನ್ನುತ್ತಾರೆ. ಮುಂದೆ ಕನ್ನಡ ಗುಮಾಸ್ತರು ಬೇಕೆಂದು ಕೇಳಲು ಹೋದಾಗ ಕನ್ನಡ ಅರ್ಜಿಗಳೇ ಬರುವುದಿಲ್ಲವಲ್ಲ ಎಂಬ ಉತ್ತರ ಸಿಗುತ್ತದೆ. ಆ ಉತ್ತರಕ್ಕೆ ದಾರಿ ಮಾಡಿಕೊಟ್ಟವರಲ್ಲಿ ಫೋನಿನಲ್ಲಿ ಕೂತು ಒತ್ತು, ದೀರ್ಘ ಎಣಿಸಿದ ನಮ್ಮವರೂ ಸೇರಿದ್ದಾರೆ. ಊರಿನ ಹುಡುಗರಿಗೆ ನಾನು ಹೇಳುತ್ತಿರುವುದು ಇಷ್ಟೆ: ಬಂದ ಹಾಗೆ ಬರೆದು ಕೊಡಿ, ರಸೀದಿ ಇಸ್ಕೊಳ್ಳಿ. ಆ ಹಕ್ಕು ಕಾಗುಣಿತದ ಪರೀಕ್ಷೆ ಪಾಸಾದವರಿಗೆ ಮಾತ್ರ ಎಂದು ಕಾಯ್ದೆ ಹೇಳುವುದಿಲ್ಲ.