ಬೆನ್ನು ನೋಡುವ ಹೊತ್ತು

ಎಂಬತ್ತರ ದಶಕದಲ್ಲಿ ನಾನು ಜಿಲ್ಲಾ ಆಸ್ಪತ್ರೆಗೆ ನರ್ಸಾಗಿ ಸೇರಿದಾಗ ವಾರ್ಡಿನ ಬೆಳಗು ಶುರುವಾಗುತ್ತಿದ್ದದ್ದೇ ಬಿಸಿನೀರಿನಿಂದ. ಆಯಾ ಬಕೆಟ್ಟಿನಲ್ಲಿ ನೀರು ತಂದುಕೊಟ್ಟರೆ ಎನಾಮಲ್ ಬೇಸಿನ್ನಿಗೆ ಸುರಿದುಕೊಂಡು ಹದ ನೋಡುತ್ತಿದ್ದೆವು. ರೋಗಿಯ ಕೆಳಗೆ ರಬ್ಬರ್ ಶೀಟು ಹಾಸಿ, ಒರೆಸುವ ಭಾಗವನ್ನಷ್ಟೇ ತೆರೆದು, ಉಳಿದ ಮೈಗೆ ಹೊದಿಸಿಯೇ ಇರಬೇಕು. ಮೊದಲು ಕಣ್ಣು: ಸೋಪಿಲ್ಲದ ನೀರಿನಲ್ಲಿ, ಮೂಗಿನ ಕಡೆಯಿಂದ ಹೊರಕ್ಕೆ. ಆಮೇಲೆ ಮುಖ, ಕೈ, ಎದೆ, ಕಾಲು, ಬೆನ್ನು. ಕೊನೆಗೆ ಗುಪ್ತಾಂಗ, ಅದೂ ಬೇರೆ ಬಟ್ಟೆಯಲ್ಲಿ. ಹೆಂಗಸರಿಗಾದರೆ ಮುಂದಿನಿಂದ ಹಿಂದಕ್ಕೇ ಒರೆಸಬೇಕು. ಇಲ್ಲದಿದ್ದರೆ ಮಲದಲ್ಲಿನ ರೋಗಾಣು ಮೂತ್ರದ ದಾರಿ ಸೇರುತ್ತದೆ.

ಬೆನ್ನಿಗೆ ಸ್ಪಿರಿಟ್ ಹಚ್ಚಿ ತಿಕ್ಕಿ ಪೌಡರ್ ಹಾಕುವುದು ಆಗ ಕಡ್ಡಾಯ. ಚರ್ಮ ಗಟ್ಟಿಯಾಗುತ್ತದೆ, ಬೆಡ್ ಸೋರ್ ಆಗುವುದಿಲ್ಲ ಎಂದೇ ನಮಗೆ ಕಲಿಸಿದ್ದರು. ಸ್ಪಿರಿಟ್ಟಿನಿಂದ ಚರ್ಮ ಒಣಗುತ್ತದೆ, ಕೆಂಪಾದ ಜಾಗವನ್ನು ತಿಕ್ಕಿದರೆ ಒಳಗಿನ ಪೆಟ್ಟು ಹೆಚ್ಚುತ್ತದೆ ಎಂದು ಗೊತ್ತಾದ ಮೇಲೆ ಆ ಪದ್ಧತಿ ಹೋಯಿತು. ಗಾಳಿ ಹಾಸಿಗೆ ಬಂತು, ದೊಡ್ಡವರ ಡೈಪರ್ ಬಂತು. ಬೇಸಿನ್ನಿನಲ್ಲೇ ರೋಗಾಣು ಉಳಿಯುತ್ತವೆಂದು ಕೆಲವು ಐಸಿಯುಗಳಲ್ಲಿ 2% ಕ್ಲೋರ್‌ಹೆಕ್ಸಿಡಿನ್ ಅದ್ದಿದ ಬಟ್ಟೆಯಲ್ಲಿ ಒರೆಸಿ ಮುಗಿಸುತ್ತಾರೆ. ಇವೆಲ್ಲ ಒಳ್ಳೆಯದೇ. ಡೈಪರ್ ಬಂದು ಎಷ್ಟು ಮನೆಗಳ ಹೆಣ್ಣುಮಕ್ಕಳ ಸೊಂಟ ಉಳಿಯಿತು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆದರೆ ಒರೆಸುವಾಗ ಮೈ ನೋಡುತ್ತಿದ್ದೆವಲ್ಲ, ಅದು ಕಡಿಮೆಯಾಯಿತು. ನಿವೃತ್ತಿಯ ನಂತರ ಪರಿಚಯದವರ ಮನೆಗೆ ಹೋಗಿದ್ದೆ. ಲಕ್ವ ಹೊಡೆದ ಅಜ್ಜಿ. ಶುಭ್ರ ಬಟ್ಟೆ, ಗಾಳಿ ಹಾಸಿಗೆ, ಯಾವುದಕ್ಕೂ ಕೊರತೆಯಿಲ್ಲ. "ಅಜ್ಜೀ, ಸ್ವಲ್ಪ ಮಗ್ಗುಲಾಗೋಣ್ವಾ?" ಎಂದು ತಿರುಗಿಸಿದೆ. ಸೊಂಟದ ಕೆಳಗೆ, ಎಲುಬು ಉಬ್ಬಿದ ಕಡೆ, ರೂಪಾಯಿ ಅಗಲದ ಕಲೆ. ಬೆರಳಿನಿಂದ ಒತ್ತಿ ಬಿಟ್ಟೆ, ಬಣ್ಣ ಕದಲಲಿಲ್ಲ. ಒತ್ತಿದರೂ ಬಿಳಿಚಿಕೊಳ್ಳದ ಕೆಂಪು ಎಂದರೆ ಹುಣ್ಣು ಆಗಲೇ ಶುರುವಾಗಿದೆ. ಸೊಸೆ ಗಾಬರಿಯಾದಳು. "ಡೈಪರ್ ದಿನಾ ಬದಲಾಯಿಸ್ತೀನಲ್ಲ ಸಿಸ್ಟರ್" ಎಂದಳು. ಬದಲಾಯಿಸುತ್ತಿದ್ದಳು, ನಿಜ, ಬೆನ್ನು ಪೂರ್ತಿ ತಿರುಗಿಸಿ ನೋಡಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಮಾತ್ರೆಯ ಲೆಕ್ಕದ ಜೊತೆಗೆ ಇದನ್ನೂ ಹೇಳಿಕೊಡಲೇಬೇಕು.

ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ ದಿನಕ್ಕೊಮ್ಮೆಯಾದರೂ ಒಳ್ಳೆಯ ಬೆಳಕಿನಲ್ಲಿ ಬೆನ್ನು, ಸೊಂಟ, ಹಿಮ್ಮಡಿ ನೋಡಿ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದೇ ಹೋಗಬಹುದು. ಬಿಸಿ ಅಥವಾ ಗಡಸು ಇದೆಯೇ ಎಂದು ಮುಟ್ಟಿ ನೋಡಿ. ಗಾಳಿ ಹಾಸಿಗೆಯಿದ್ದರೂ ಮಗ್ಗುಲು ಬದಲಿಸುವುದನ್ನು ಬಿಡಬೇಡಿ.